ಹಿಂದಿನ ಪುಟ್ಟ ಚಕ್ರ

ಇದನ್ನ ಯಾರಿಗೂ ಹೇಳ್ಬೇಡ ಅಂತ ಆಸ್ಪತ್ರೆ ಆಯಮ್ಮ ನನ್ಹತ್ರ ಆಣೆ ಹಾಕಿಸ್ಕೊಂಡಿದ್ರು. ನಿಮಗೊಬ್ರಿಗೇ ಹೇಳ್ತೀನಿ.

ಅವತ್ತು ಪೇಪರಿನೋರು ಆಸ್ಪತ್ರೆಗೆ ಬಂದು, ನಮ್ಮಜ್ಜಿ ಜೊತೆ ದೊಡ್ಡ ಡಾಕ್ಟ್ರ ಫೋಟೋ ತೆಗೆಯೋರಿದ್ರು. ನಮ್ಮಜ್ಜಿ ವೀಲ್‌ಚೇರ್ ಹಿಂದಿದ್ದ ಎರಡು ಪುಟ್ಟ ಚಕ್ರ ನೋಡಿ ದೊಡ್ಡ ಡಾಕ್ಟ್ರು, "ಇದೇನು ಮಕ್ಕಳ ಸೈಕಲ್ಲಾ? ಬಿಚ್ಚಿಹಾಕು" ಅಂತ ಆಯಮ್ಮಂಗೆ ಅಂದ್ರು.

ಅವಿಲ್ದಿದ್ರೆ ಇಳಿಜಾರು ಹತ್ತಿಸುವಾಗ ಅಜ್ಜಿ ಹಿಂದಕ್ಕೆ ಮಗುಚ್ಕೊಳ್ತಾರೆ.

ಆಯಮ್ಮ ಅಜ್ಜೀನ ಮಂಚದ ಮೇಲೆ ಕೂರಿಸಿ, ಚಕ್ರ ಬಿಚ್ಚಿದ್ರು. "ಫೋಟೋಗೆ ಚೆನ್ನಾಗಿರುತ್ತಾ, ನೀವೇ ಒಂದ್ಸಲ ಕೂತು ನೋಡಿ ಸಾರ್."

ಡಾಕ್ಟ್ರು ಗತ್ತಿನಿಂದ ಕೂತ್ರು. ಆಯಮ್ಮ ಹಿಡಿಕೆ ಬಿಗಿಯಾಗಿ ಹಿಡ್ಕೊಂಡು ಇಳಿಜಾರು ಹತ್ತಿಸ್ತಾ, ಕುರ್ಚೀನ ಒಂದ್ಗೇಣು ಹಿಂದಕ್ಕೆ ವಾಲಿಸಿದ್ರು.

"ಅಯ್ಯಯ್ಯೋ! ಚಕ್ರ ಹಾಕಮ್ಮಾ!"

"ಮಕ್ಕಳ ಸೈಕಲ್ ಥರ ಕಾಣಲ್ವಾ ಸಾರ್?"

"ಕಾಣ್ಲಿ! ಮೊದ್ಲು ಹಾಕು!"

ಅಜ್ಜಿ ಪುಟ್ಟ ಚಕ್ರದ ಜೊತೆಗೇ ಫೋಟೋಗೆ ಕೂತ್ರು. ಡಾಕ್ಟ್ರನ್ನ ಕರೆಯೋಕೆ ಪೇಪರಿನೋರು ಅವರ ರೂಮಿನ ಬಾಗಿಲು ಬಡಿದ್ರು. ಬಡಿದೇ ಬಡಿದ್ರು. ನಾಚ್ಕೊಂಡ ಡಾಕ್ಟ್ರು ಒಳಗಿಂದ ಚಿಲಕ ಹಾಕ್ಕೊಂಡು ಕೂತಿದ್ರು.