ಬೆಚ್ಚಗಿದ್ದ ಕೈ

"ಗುರುಗಳೇ, ಅಣ್ಣನ ಉಸಿರಾಟದ ಯಂತ್ರ ನಿಲ್ಲಿಸಲು ಅತ್ತಿಗೆ ಒಪ್ಪಿಗೆ ಕೊಟ್ಟಿದ್ದಾರಂತೆ. ಮಿದುಳು ಸತ್ತಿದೆ ಎಂದು ವೈದ್ಯರು ಹೇಳಿದರಂತೆ. ಎದೆ ಇನ್ನೂ ಬಡಿಯುತ್ತಿರುವಾಗ ಹಾಗೆ ಒಪ್ಪುವುದು ಕೊಲೆಯಲ್ಲವೇ?" ಎಂದು ಶಿಷ್ಯ ಗುರುಶಾಂತ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಅವನ ಹೆಂಡತಿ ಮೆಟ್ಟಿಲಿನಿಂದ ಜಾರಿ ಬಿದ್ದಳು. ತಲೆಗೆ ಪೆಟ್ಟಾಯಿತು. ಆಸ್ಪತ್ರೆಯಲ್ಲಿ ಯಂತ್ರವೇ ಅವಳ ಉಸಿರಾಟ ನಡೆಸುತ್ತಿತ್ತು. ಬಳೆಗಾರ ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲ. ವೈದ್ಯರು ಎರಡು ಸಲ ಪರೀಕ್ಷಿಸಿ, ಐದನೆಯ ದಿನ ಅವನನ್ನು ಕರೆದರು.

"ಇವರ ಮಿದುಳು ಪೂರ್ತಿ ಸತ್ತಿದೆ. ಇನ್ನು ಎಚ್ಚರಾಗುವುದಿಲ್ಲ. ತಾವಾಗಿ ಒಂದು ಉಸಿರನ್ನೂ ತೆಗೆದುಕೊಳ್ಳಲಾರರು."

"ಕೈ ಬೆಚ್ಚಗಿದೆಯಲ್ಲ ಸ್ವಾಮಿ. ನಾನು ಹೇಗೆ ಒಪ್ಪಲಿ?" ಎಂದ ಬಳೆಗಾರ.

ಅದೇ ದಿನ ಹೆಂಡತಿಯ ತಮ್ಮ ಊರಿನಿಂದ ಬಂದ. ಬಾಗಿಲಲ್ಲೇ ನಿಂತು ಅಕ್ಕನನ್ನು ನೋಡಿದ. "ಭಾವ, ಒಪ್ಪಿದರೆ ನೀವೇ ಕೊಂದ ಹಾಗೆ" ಎಂದು ಹೇಳಿ ಸಂಜೆಯ ಬಸ್ಸಿಗೆ ಹೊರಟುಹೋದ.

ಮರುದಿನ ಬಳೆಗಾರ ಒಂದು ಡಜನ್ ಹಸಿರು ಗಾಜಿನ ಬಳೆ ತರಿಸಿಕೊಂಡ. ಆಸ್ಪತ್ರೆಗೆ ಸೇರಿಸುವಾಗ ಹೆಂಡತಿಯ ಬಳೆಗಳನ್ನು ತೆಗೆದಿದ್ದರು. ಅವಳ ಬರಿಗೈ ನೋಡಲು ಅವನಿಗೆ ಆಗುತ್ತಿರಲಿಲ್ಲ. ನರ್ಸಮ್ಮನ ಅಪ್ಪಣೆ ಪಡೆದು ಕೈಯನ್ನು ತನ್ನ ಕೈಗೆ ತೆಗೆದುಕೊಂಡ.

ಮೂವತ್ತು ವರ್ಷದಲ್ಲಿ ಅವನು ಎಷ್ಟೋ ಹೆಂಗಸರಿಗೆ ಬಳೆ ತೊಡಿಸಿದ್ದ. ಬಳೆ ಗೆಣ್ಣಿಗೆ ಬಂದಾಗ ಎಂಥವರ ಕೈಯೂ ತಾನಾಗಿ ಮುದುಡುತ್ತದೆ. ಹೆಂಡತಿಯಂತೂ ಪ್ರತಿ ಹಬ್ಬಕ್ಕೂ ಕೈ ಸೆಳೆದುಕೊಂಡು, "ಮೆಲ್ಲಗೆ ಅಂದರೆ ತಿಳಿಯುವುದಿಲ್ಲವೇ ನಿಮಗೆ?" ಎಂದು ಗದರುತ್ತಿದ್ದಳು. ಇಂದು ಕೈ ಮುದುಡಲೂ ಇಲ್ಲ, ಬಿಗಿಯಲೂ ಇಲ್ಲ. ಬೆಚ್ಚಗಿತ್ತು, ಅಷ್ಟೇ.

ಒಂದೂ ಒಡೆಯದಂತೆ ಹನ್ನೆರಡು ಬಳೆಗಳನ್ನೂ ತೊಡಿಸಿದ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತ. ಎದ್ದು ಹೋಗಿ ವೈದ್ಯರಿಗೆ, "ನಿಲ್ಲಿಸಿ ಸ್ವಾಮಿ. ನಾನು ಅವಳ ಹತ್ತಿರವೇ ಇರುತ್ತೇನೆ" ಎಂದ. ಯಂತ್ರ ನಿಂತಿತು. ಕೆಲವು ನಿಮಿಷದಲ್ಲಿ ಎದೆಬಡಿತವೂ ನಿಂತಿತು.

ಹೆಂಡತಿಯ ತಮ್ಮ ಊರೆಲ್ಲ ಅವನನ್ನು ಕೊಲೆಗಾರ ಎಂದು ಹೇಳಿಕೊಂಡು ತಿರುಗಿದ. ಕೆಲವು ಮನೆಯವರು ಅವನನ್ನು ಜಗಲಿಗೂ ಕರೆಯದಾದರು. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಬಳೆಗಾರನಿಗೂ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು. ಅವನು ಯಾರಿಗೂ ಎದುರು ಮಾತಾಡಲಿಲ್ಲ.

ಕತೆ ಮುಗಿಯಿತು. ಗುರುಶಾಂತ, "ಹಾಗಾದರೆ ಅದು ಕೊಲೆಯೋ ಅಲ್ಲವೋ, ನೀವು ಹೇಳಲೇ ಇಲ್ಲ" ಎಂದ.

"ನೀನು ನಿನ್ನ ಅಣ್ಣನ ಪಕ್ಕದಲ್ಲಿ ಎಷ್ಟು ಹೊತ್ತು ಕುಳಿತಿದ್ದೆ?" ಎಂದರು ಗುರುಗಳು.

ಗುರುಶಾಂತ ಎದ್ದು, ಅಣ್ಣನಿದ್ದ ಆಸ್ಪತ್ರೆಗೆ ಹೊರಟ.