ಐದು ನಿಮಿಷಕ್ಕೊಮ್ಮೆ ಅಧ್ಯಕ್ಷರು

ನಮ್ಮೂರ ಸಮುದಾಯ ಬಾನುಲಿಯಲ್ಲಿ ಯಾವ ಕಾರ್ಯಕ್ರಮ ಎಷ್ಟು ಹೊತ್ತಿಗೆ ಬರಬೇಕೆಂದು ಕಂಪ್ಯೂಟರಿಗೆ ಹೇಳಿಡುವ ಕೆಲಸ ಶಾಂಭವಿಯದು. ಮಿಕ್ಕದ್ದನ್ನು ಕಂಪ್ಯೂಟರ್ ತಾನೇ ನಡೆಸುತ್ತದೆ. ಅದಕ್ಕೆ ದೊಡ್ಡವರು, ಚಿಕ್ಕವರು ಎಂಬ ಭೇದ ತಿಳಿಯದು.

ಒಂದು ದಿನ ಬಾನುಲಿ ಸಮಿತಿಯ ಅಧ್ಯಕ್ಷ ವೃಷಭೇಂದ್ರಯ್ಯನವರು ತಮ್ಮದೇ ದನಿಯಲ್ಲಿ ಒಂದು ಜಿಂಗಲ್ ಮುದ್ರಿಸಿ ತಂದರು: "ಕೇಳುತ್ತಿರಿ, ಇದು ವೃಷಭೇಂದ್ರಯ್ಯನವರ ಬಾನುಲಿ."

"ಐದು ನಿಮಿಷಕ್ಕೊಮ್ಮೆ ಬರ್ಬೇಕು. ಯಾರೇ ಮಾತಾಡ್ತಿರಲಿ, ತಡೆದು ಹಾಕಮ್ಮ."

"ನರ್ಸ್ ಫಿಲೋಮಿನಮ್ಮನವರು ಮಕ್ಕಳ ಔಷಧಿ ಹೇಳುವಾಗಲೂ?"

"ಯಾರಿಗೂ ವಿನಾಯಿತಿ ಇಲ್ಲ."

"ಹಾಗೇ ಬರೆದು ಸಹಿ ಹಾಕಿಕೊಡಿ ಸಾರ್."

ಅಧ್ಯಕ್ಷರು ಸಹಿಯ ಕೆಳಗೆ ಎರಡು ಗೆರೆಯನ್ನೂ ಎಳೆದರು.

ಅಂದು ನರ್ಸಮ್ಮ, "ಜ್ವರ ಬಂದ ಮಗುವಿಗೆ ಮರೆತೂ ಕೊಡಬಾರದ ಮಾತ್ರೆ..." ಎನ್ನುವಷ್ಟರಲ್ಲಿ ಜಿಂಗಲ್ ಬಂತು. ತಾಯಂದಿರಿಗೆ ಮಾತ್ರೆಯ ಹೆಸರು ಸಿಗಲಿಲ್ಲ, ಅಧ್ಯಕ್ಷರ ಹೆಸರು ಸಿಕ್ಕಿತು.

ಶಾಂಭವಿ ದೂರಲಿಲ್ಲ. "ಸಾರ್, ತಮ್ಮ ಜೀವನಾನುಭವವೂ ಒಂದು ಗಂಟೆ ಪ್ರಸಾರ ಆಗಲಿ" ಎಂದಳು. ಅಧ್ಯಕ್ಷರು ಹಿಗ್ಗಿ, ಭಾಷಣ ಮುದ್ರಿಸಿಕೊಟ್ಟು, ಬೀಗರನ್ನೆಲ್ಲ ಕರೆಸಿ ರೇಡಿಯೊ ಮುಂದೆ ಕೂರಿಸಿದರು.

"ನನ್ನ ಬಾಳಿನ ಅತಿ ದೊಡ್ಡ ತ್ಯಾಗವೆಂದರೆ..."

"ಕೇಳುತ್ತಿರಿ, ಇದು ವೃಷಭೇಂದ್ರಯ್ಯನವರ ಬಾನುಲಿ."

ನಾಲ್ಕನೆಯ ಸಲಕ್ಕೆ ಬೀಗಿತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಧ್ಯಕ್ಷರು ಶಾಂಭವಿಗೆ ಫೋನು ಮಾಡಿದರು.

"ನನ್ನ ಮಾತಿನ ಮಧ್ಯೆ ಬಾಯಿ ಹಾಕ್ತಿರೋದು ಯಾರು?"

"ತಾವೇ ಸಾರ್. ಬೇರೆ ಯಾರಿಗಿದೆ ಆ ಧೈರ್ಯ?"

"ನಿಲ್ಲಿಸಮ್ಮ ಅದನ್ನ."

"ನಿಲ್ಲಿಸ್ತೀನಿ ಸಾರ್. ಯಾರಿಗೂ ವಿನಾಯಿತಿ ಇಲ್ಲ ಅಂತ ತಮ್ಮ ಸಹಿ ಇದೆ. ನಿಲ್ಲಿಸಿದ್ರೆ ಎಲ್ಲರಿಗೂ ನಿಲ್ಲಿಸ್ಬೇಕಾಗುತ್ತೆ."

ಬೀಗರ ನಗು ಫೋನಿನಲ್ಲೂ ಕೇಳುತ್ತಿತ್ತು. "ನಿಲ್ಲಿಸು" ಎಂದರು ಅಧ್ಯಕ್ಷರು.

ಮರುದಿನ ನರ್ಸಮ್ಮ ಮಾತ್ರೆಯ ಹೆಸರನ್ನು ಎರಡು ಸಲ ಹೇಳಿದರು. ಅಧ್ಯಕ್ಷರ ಆ ದೊಡ್ಡ ತ್ಯಾಗ ಯಾವುದೆಂದು ಊರಿಗೆ ಇನ್ನೂ ಗೊತ್ತಿಲ್ಲ. ಯಾರೂ ಕೇಳಿಯೂ ಇಲ್ಲ.