ಬರ್ಫದ ಅಕ್ಕೋರ ಕೈ

ಬಹಳ ಹಿಂದೆ ಹೊಳೆಯಾಚೆ ಒಂದು ಊರಿತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ. ಊರಿಗೆ ಬಸ್ಸು ಬಂದಿತ್ತು, ಕರೆಂಟು ಬಂದಿರಲಿಲ್ಲ, ಅಷ್ಟು ಹಿಂದೆ ಅಂತ ಇಟ್ಟುಕೊಳ್ಳಿ.

ಆ ಊರ ಹೊರಗಿನ ಕೇರಿಯಲ್ಲಿ ಗಾಳೆವ್ವ ಅನ್ನುವ ಸೂಲಗಿತ್ತಿ ಇದ್ದಳು. ಗೌಡರ ಮನೆಯಿಂದ ಪೂಜಾರಿ ಮನೆಯವರೆಗೆ, ಹುಟ್ಟಿದ ಕೂಸನ್ನೆಲ್ಲ ಮೊದಲು ಮುಟ್ಟಿದ್ದು ಅವಳ ಕೈ. ಮನೆ ತೊಳೆದು ಶುದ್ಧ ಮಾಡಿಕೊಂಡ ಮೇಲೆ ಅದೇ ಗಾಳೆವ್ವ ಅಂಗಳ ದಾಟುವ ಹಾಗಿರಲಿಲ್ಲ. ಇದಕ್ಕೆ ಅವಳು ಒಗ್ಗಿಹೋಗಿದ್ದಳು. ಒಗ್ಗಿದ್ದಾಳೆ ಅಂತ ಊರಿನವರು ಅಂದುಕೊಂಡಿದ್ದರು ಅನ್ನಿ.

ಎಲೆ, ಸುಣ್ಣ, ತಂಬಾಕು ಇಲ್ಲದೆ ಗಾಳೆವ್ವಗೆ ಹೊತ್ತು ಹೋಗುತ್ತಿರಲಿಲ್ಲ. ಒಂದು ವರ್ಷ ಅವಳ ಎಡಗೆನ್ನೆಯೊಳಗೆ ಹುಣ್ಣಾಯಿತು. ಹುಣ್ಣು ಗಂಟಾಯಿತು. ದೂರ ನಿಂತೇ ಮಾತಾಡಿಸುತ್ತಿದ್ದ ಊರು ಇನ್ನೂ ನಾಲ್ಕು ಹೆಜ್ಜೆ ಹಿಂದೆ ಸರಿಯಿತು. ಹೆರಿಗೆಗೆ ಕರೆಯುವುದನ್ನೂ ಬಿಟ್ಟರು.

ಆಗ ಬಂದರು ಬರ್ಫದ ಅಕ್ಕೋರು. ಹೆಸರು ಸುಗುಣಾ ಅಂತ ಕೆಲವರು, ಅಲ್ಲ, ಸುಲೋಚನಾ ಅಂತ ಕೆಲವರು. ಪಟ್ಟಣದ ಡಾಕ್ಟರ ಜೊತೆ ಬಂದಿದ್ದರು, ತಾವು ಮಾತ್ರ ಡಾಕ್ಟರಲ್ಲ ಅನ್ನುತ್ತಿದ್ದರು. ಕೈಯಲ್ಲಿ ಬರ್ಫದ, ಅಂದರೆ ಮಂಜುಗಡ್ಡೆಯ, ಪೆಟ್ಟಿಗೆ. ಆ ಬರ್ಫ ಉರಿಬಿಸಿಲಲ್ಲೂ ಕರಗುತ್ತಿರಲಿಲ್ಲವಂತೆ, ಒಲೆಯ ಹಾಗೆ ಹೊಗೆಯಾಡುತ್ತಿತ್ತಂತೆ. ಗಂಟಿನ ಚೂರನ್ನು ಕಿವಿಯ ಹತ್ತಿರ ಹಿಡಿದರೆ ಅದರ ಮಾತು ಅಕ್ಕೋರಿಗೆ ಕೇಳಿಸುತ್ತಿತ್ತಂತೆ. ಅನ್ನುವವರಿಗೇನು, ಏನು ಬೇಕಾದರೂ ಅಂತಾರೆ.

ಬೇವಿನ ಮರದ ಕೆಳಗೆ ಕೂತು ಅಕ್ಕೋರು ಹೇಳಿದ್ದು ಇಷ್ಟು. ನಮ್ಮ ಮೈಯ ಒಂದೊಂದು ಕಣದ ಒಳಕೋಣೆಯಲ್ಲೂ ಒಂದು ದೊಡ್ಡ ಪುಸ್ತಕವಿದೆ. ಪುಸ್ತಕ ಹೊರಗೆ ಬರುವುದಿಲ್ಲ. ಅದನ್ನು ನೋಡಿ ಬರೆದ ಚೀಟಿಗಳು ಮಾತ್ರ ಅಡುಗೆಮನೆಗೆ ಹೋಗುತ್ತವೆ: ಇಷ್ಟು ಬೇಯಿಸು, ಇನ್ನು ಸಾಕು ಮಾಡು. ಆ ಚೀಟಿಗೆ ಆರ್‌ಎನ್‌ಎ ಅಂತ ಹೆಸರು. ಗಂಟಿನಲ್ಲಿ ‘ಸಾಕು’ ಅನ್ನುವ ಚೀಟಿ ಎಲ್ಲೋ ತಪ್ಪಿಹೋಗಿರುತ್ತದೆ. ಎಲ್ಲಿ ಅಂತ ಓದಲು ಒಂದು ಚೂರು ಬೇಕು. ಓದಿದ್ದು ಗಾಳೆವ್ವನ ಉಪಯೋಗಕ್ಕೆ ಬರಲಿಕ್ಕಿಲ್ಲ, ಮೊಮ್ಮಗಳ ಕಾಲಕ್ಕೆ ಬಂದೀತು ಅಂತಲೂ ಮುಚ್ಚುಮರೆಯಿಲ್ಲದೆ ಹೇಳಿದರು.

ಗಾಳೆವ್ವ ಒಪ್ಪಿದಳು. ಡಾಕ್ಟರು ಕತ್ತರಿಸುವಾಗ ಜೀವ ಝಲ್ಲೆಂದು ಅಕ್ಕೋರ ಕೈ ಹಿಡಿದುಕೊಂಡಳು. ಅಕ್ಕೋರು ಬೆಚ್ಚಿ ಕೈ ಬಿಡಿಸಿಕೊಂಡು, ಅವಳು ಮುಟ್ಟಿದ ಗ್ಲೌಸು ಕಿತ್ತೆಸೆದು ಬೇರೆ ತೊಟ್ಟರು.

ಅಷ್ಟೇ. ಗಾಳೆವ್ವ ಇಷ್ಟು ವರ್ಷ ನುಂಗಿದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು.

"ನನ್ನ ಮಾಂಸ ಬೇಕು, ನನ್ನ ಕೈ ಬ್ಯಾಡೇನ್ರೀ ಅಕ್ಕೋರ?"

ಅಕ್ಕೋರ ಮುಖ ಬಿಳಿಚಿಕೊಂಡಿತು. ಎರಡೂ ಗ್ಲೌಸು ತೆಗೆದು, ಆ ಚೂರನ್ನು ಬರಿಗೈಯಲ್ಲೇ ಎತ್ತಿ ಬರ್ಫದಲ್ಲಿಟ್ಟರು. ಕೇರಿಗೆ ಕೇರಿಯೇ ಮೆಚ್ಚಿತು. ಗಾಳೆವ್ವ ಗಳಗಳ ಅತ್ತಳು.

ಮೂರು ತಿಂಗಳಿಗೆ ಅಕ್ಕೋರು, ಡಾಕ್ಟರು ಮತ್ತೆ ಬಂದರು. ಅಕ್ಕೋರು ತಲೆ ತಗ್ಗಿಸಿ ಹೇಳಿದರು: ಚೀಟಿ ಅಳಿಸಿಹೋಗಿದೆ, ಅಳಿಸಿದ್ದು ನನ್ನ ಕೈ. ಮನುಷ್ಯರ ಬೆರಳಿಗೇ ಆ ಅಕ್ಷರ ತಿನ್ನುವ ಗುಣವಿದೆ. ನಿನ್ನದಾದರೂ ಅಷ್ಟೆ, ನನ್ನದಾದರೂ ಅಷ್ಟೆ, ಗೌಡರ ಕೈ ತಗುಲಿದ್ದರೂ ಗ್ಲೌಸು ಬದಲಿಸುತ್ತಿದ್ದೆ. ಗ್ಲೌಸು ನನ್ನನ್ನು ಕಾಯಲಿಕ್ಕಲ್ಲ, ಆ ಚೂರನ್ನು ಕಾಯಲಿಕ್ಕೆ. ಗೊತ್ತಿದ್ದೂ ನಾಚಿಕೆಗೆ ಬಿದ್ದು ಬರಿಗೈ ಹಾಕಿದೆ. ಇನ್ನೊಂದು ಚೂರು ಕೇಳಲು ನಾಲಿಗೆ ಏಳುತ್ತಿಲ್ಲ ಅಂದರು.

ಗಾಳೆವ್ವ ಸಮಾಧಾನ ಹೇಳುತ್ತಾಳೆ ಅಂತ ಎಲ್ಲರೂ ಅಂದುಕೊಂಡರು. ಎಲ್ಲಿಯ ಸಮಾಧಾನ! ‘ರೀ’ ಬಿಟ್ಟು, ಹೆತ್ತ ಮಗಳಿಗೆ ಬೈದ ಹಾಗೆ ಬೈದಳು.

"ಹಡಿಯೋ ಹೆಂಗಸನ್ನ ಮುಟ್ಟೂ ಮೊದಲ ಮೊಣಕೈತನಕಾ ತಿಕ್ಕಿ ತೊಳಕೋತೀನಿ ನಾನು. ಆಕಿ ಚೀರ್ತಾಳಂತ ಬಿಟ್ಟೇನೇನು? ನಾ ಸಿಟ್ಟಾದೆ ಅಂತ ನೀ ಕೆಲಸ ಕೆಡಿಸಿಕೊಂಡೆಲ್ಲ!"

ನೀರು ಕಾಯಿಸಿದಳು. ಅಕ್ಕೋರ ಕೈಗಳನ್ನು ಮೊಣಕೈವರೆಗೆ ತಾನೇ ತಿಕ್ಕಿ ತೊಳೆದಳು. ಗ್ಲೌಸು ತೊಡಿಸಿದಳು, ಆಮೇಲೆ ತಾನು ಮುಟ್ಟಿದ್ದರ ಮೇಲೆ ಇನ್ನೊಂದು ಹೊಸದು ನೀನೇ ತೊಟ್ಟುಕೋ ಅಂದಳು. ಬೇವಿನ ಬುಡದಲ್ಲಿ ಕೂತು, ಯಾರ ಕೈಯನ್ನೂ ಹಿಡಿಯಬಾರದು ಅಂತ ತನ್ನೆರಡು ಕೈಗಳನ್ನೂ ತೊಡೆಯ ಕೆಳಗೆ ಅದುಮಿಟ್ಟುಕೊಂಡು ಬಾಯಿ ತೆರೆದಳು. ಡಾಕ್ಟರು ಕತ್ತರಿಸಿದರು. ಗಾಳೆವ್ವ ಮಿಸುಕಲಿಲ್ಲ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಕೈ ತೆಗೆಯಲಿಲ್ಲ.

ಚೂರು ಬರ್ಫದೊಳಗೆ ಹೋಯಿತು. ಪೆಟ್ಟಿಗೆ ಮುಚ್ಚಿತು. ಆಮೇಲೆ ಅಕ್ಕೋರು ಗ್ಲೌಸು ಕಳಚಿ, ಊರೆಲ್ಲ ನೋಡುತ್ತಿರುವಾಗ, ಬರಿ ಅಂಗೈಯನ್ನು ಗಾಳೆವ್ವನ ಎಡಗೆನ್ನೆಯ ಮೇಲಿಟ್ಟರು. ಎಷ್ಟು ಹೊತ್ತು? ಬಸ್ಸು ಬಂದು ಹೋಯಿತು, ಆದರೂ ಕೈ ತೆಗೆಯಲಿಲ್ಲ ಅಂತಾರೆ. ಇದೊಂದನ್ನು ಮಾತ್ರ ನಾನು ಪೂರಾ ನಂಬುತ್ತೇನೆ.

ಎಷ್ಟೋ ವರ್ಷದ ಮೇಲೆ, ಓದಿ ಸಿಕ್ಕಿದ್ದನ್ನು ಹೇಳಲು ಅಕ್ಕೋರು ಬಂದಾಗ ಗಾಳೆವ್ವ ಬದುಕಿರಲಿಲ್ಲ. ಮೊಮ್ಮಗಳು ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡು ಕೇಳಿದಳು. ತಪ್ಪಿಹೋದ ಚೀಟಿಗಳಲ್ಲಿ ಒಂದು ಸಿಕ್ಕಿತ್ತಂತೆ. ಇನ್ನೂ ಬಹಳ ಇವೆಯಂತೆ.

ಈಗಲೂ ಆ ಊರಿಗೆ ಹೋಗಿ ನೋಡಿ. ಬಾಣಂತಿಯಿರಲಿ, ಕಾಯಿಲೆಯವರಿರಲಿ, ಆ ಮನೆಯ ಹೊಸ್ತಿಲ ಹತ್ತಿರ ಒಂದು ಬಿಸಿನೀರಿನ ತಂಬಿಗೆ ಇಟ್ಟಿರುತ್ತಾರೆ. ನೋಡಲು ಬಂದವರು ಮೊಣಕೈವರೆಗೆ ತೊಳೆದುಕೊಂಡು, "ಹೊಲಸು ನನ್ನ ಕೈಯಾಗೈತಿ, ನಿನ್ನ ಮೈಯಾಗಿಲ್ಲ" ಅಂದು ಒಳಗೆ ಹೋಗಿ ಕೆನ್ನೆ ಮುಟ್ಟುತ್ತಾರೆ. ಗೌಡರ ಮನೆಯವರೂ ಕೇರಿಗೆ ಬಂದು ಹಾಗೇ ಮಾಡುತ್ತಾರೆ. ಮೊದಮೊದಲು ಆ ಮಾತು ಅವರ ಬಾಯಿಂದ ಹೊರಡುತ್ತಿರಲಿಲ್ಲವಂತೆ. ಈಗ ಹೊರಡುತ್ತದೆ.